ಮುಚ್ಚಿದ ಹೋಟೆಲುಗಳು ಲೆಕ್ಕಕ್ಕಿಲ್ಲ

ಆ ಮಾತನ್ನು ನಾನು ಬಾಯಿಬಿಟ್ಟು ಹೇಳಿದೆನೋ, ಹೇಳಬೇಕು ಎಂದುಕೊಂಡು ಸುಮ್ಮನಾದೆನೋ, ಇವತ್ತಿಗೂ ನನಗೆ ಖಚಿತವಿಲ್ಲ. ಜಾಗ ನೆನಪಿದೆ: ಸ್ಯಾನ್ ಡಿಯೇಗೊ ಡೌನ್‌ಟೌನಿನಲ್ಲಿ, ಕೊಲ್ಲಿಯ ನೀರಿಗೆ ಮುಖ ಮಾಡಿದ ಒಂದು ಸಿಮೆಂಟ್ ಬೆಂಚು. ಅದು ಭಾನುವಾರ ಎಂಬುದರಲ್ಲಿ ನಮ್ಮ ಮೂವರಿಗೂ ಅನುಮಾನವಿಲ್ಲ. ಲಸಿಕೆ ಹಾಕಿಸಿಕೊಂಡವರು ಮಾಸ್ಕನ್ನು ಜೇಬಿಗಿಟ್ಟು ಹೊರಗೆ ಓಡಾಡಲು ಶುರುಮಾಡಿದ್ದ 2021ರ ಬೇಸಿಗೆ. ಉಳಿದದ್ದರಲ್ಲಿ ಮೂವರದೂ ಮೂರು ದಾರಿ. ನನ್ನ ನೆನಪಿನಲ್ಲಿ ಆಂಟಿ ನಮ್ಮ ಪಕ್ಕದಲ್ಲೇ ಕೂತು ಫ್ಲಾಸ್ಕಿನಿಂದ ಚಹಾ ಬಗ್ಗಿಸುತ್ತಿದ್ದಾರೆ. ಆಂಟಿಯ ಪ್ರಕಾರ ಅಲ್ಲಿ ಅವರು ಕಾರಿನಿಂದ ಇಳಿಯಲೇ ಇಲ್ಲ. ಅಂಕಲ್ ಪ್ರಕಾರ ಅಲ್ಲಿ ಬೆಂಚೇ ಇರಲಿಲ್ಲ, ನಾವು ನಡೆಯುತ್ತಿದ್ದೆವು.

ಯೂನಿವರ್ಸಿಟಿಯಲ್ಲಿ ನಾನು ಕಲಿತದ್ದರಲ್ಲಿ ಮನಸ್ಸಿಗೆ ಅಂಟಿಕೊಂಡದ್ದು ಒಂದೇ: ಸಾಕ್ಷಿ ಹೇಳುವವನು ಎಷ್ಟು ಗಟ್ಟಿಯಾಗಿ ಹೇಳುತ್ತಾನೋ ಅಷ್ಟು ಅನುಮಾನಿಸು. ಸಾಕ್ಷಿ ನಾನೇ ಆದಾಗ ಈ ಪಾಠ ನಿದ್ದೆ ಕೆಡಿಸುತ್ತದೆ.

ಅಂಕಲ್, ಆಂಟಿ ನನ್ನ ನೆಂಟರಲ್ಲ. ಅವರು ಮೈಸೂರಿನ ಮುಸ್ಲಿಂ ಕುಟುಂಬ, ನಾನು ಹುಬ್ಬಳ್ಳಿಯ ಕಡೆಯವನು. ಸ್ಯಾನ್ ಡಿಯೇಗೊದಲ್ಲಿ ಓದುತ್ತಿದ್ದಾಗ ಕನ್ನಡದವರ ಒಂದು ಕೂಟದಲ್ಲಿ ಪರಿಚಯವಾದವರು. 2020ರಲ್ಲಿ ಕ್ಯಾಂಪಸ್ ಮುಚ್ಚಿ, ನನ್ನ ಜೊತೆ ಮನೆ ಹಂಚಿಕೊಂಡಿದ್ದವರೆಲ್ಲ ಚದುರಿಹೋದಾಗ ಅಂಕಲ್ ಫೋನ್ ಮಾಡಿದರು. "ಡೈಮಂಡ್ ಬಾರ್‌ನಲ್ಲಿ ನಮ್ಮನೆ ಮೇಲಿನ ರೂಮು ಖಾಲಿ ಬಿದ್ದಿದೆ. ಬಾ. ಬಾಡಿಗೆ ಗೀಡಿಗೆ ಅಂತ ಬಾಯಿ ತೆಗೆದ್ರೆ ಮಾತ್ರ ಒಳಗೆ ಸೇರಿಸಲ್ಲ." ಹಾಗೆ ಹೋದವನು ಆ ವರ್ಷ ಮುಗಿಯುವವರೆಗೂ ಅಲ್ಲೇ ಉಳಿದೆ. ಡೈಮಂಡ್ ಬಾರ್ ಎಂಬುದು ಲಾಸ್ ಏಂಜಲೀಸ್ ಪಕ್ಕದ ಒಂದು ಊರು. ಗುಡ್ಡದ ಇಳಿಜಾರಿನಲ್ಲಿ ಮನೆ. ಹಿತ್ತಲಿನಲ್ಲಿ ಆಂಟಿ ಕರಿಬೇವಿನ ಗಿಡ ಬೆಳೆಸಿದ್ದರು. ಅಮೆರಿಕಕ್ಕೆ ಬಂದ ಮೇಲೆ ಅವರು ಬಾಡಿಗೆ ಮನೆಗಳಲ್ಲೇ ಬಹಳ ವರ್ಷ ತಳ್ಳಿ, ಕೊನೆಗೆ ಕೊಂಡ ಮನೆ ಅದು. ಆಂಟಿ ಅದನ್ನು ಮನೆ ಎನ್ನುತ್ತಿರಲಿಲ್ಲ, "ನನ್ನ ಮನೆ" ಎನ್ನುತ್ತಿದ್ದರು.

ಆ ಮೇಲಿನ ರೂಮಿನಿಂದಲೇ ನನ್ನ ಮೊದಲ ಕೆಲಸ ಶುರುವಾಯಿತು. ಕಂಪನಿಯ ಕಚೇರಿ ಲಾಸ್ ಏಂಜಲೀಸಿನ ಇನ್ನೊಂದು ತುದಿಯ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿತ್ತು, ಆದರೆ ಕಚೇರಿಗೆ ಯಾರೂ ಹೋಗುತ್ತಿರಲಿಲ್ಲ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ತೀರ ದೊಡ್ಡವೂ ಅಲ್ಲದ, ಚಿಕ್ಕವೂ ಅಲ್ಲದ ಎಷ್ಟೋ ನಗರಗಳಿವೆ. ಒಂದು ನದಿ, ನದಿಗೊಂದು ಹಳೆಯ ಸೇತುವೆ, ಒಂದು ಕೋರ್ಟು, ಒಂದು ಕನ್ವೆನ್ಷನ್ ಸೆಂಟರ್, ಸುತ್ತ ಎಂಟು ಹತ್ತು ಹೋಟೆಲುಗಳು. ಅಂಥ ಡೌನ್‌ಟೌನ್‌ಗಳಲ್ಲಿ ಎಷ್ಟು ರೂಮುಗಳಿವೆ, ಇನ್ನೆಷ್ಟು ಕಟ್ಟುತ್ತಿದ್ದಾರೆ, ಅವುಗಳಲ್ಲಿ ಬಂದು ಮಲಗುವವರು ಯಾರು ಎಂದು ಲೆಕ್ಕ ಹಾಕುವುದು ನನ್ನ ಕೆಲಸ. ಬ್ಯಾಂಕುಗಳು, ಕಟ್ಟಡ ಕಟ್ಟುವವರು ಆ ಲೆಕ್ಕವನ್ನು ಕೊಳ್ಳುತ್ತಾರೆ. ಆ ನಗರಗಳಲ್ಲಿ ಒಂದನ್ನೂ ನಾನು ಕಣ್ಣಾರೆ ನೋಡಿರಲಿಲ್ಲ.

ಕೆಲಸದ ಬಗ್ಗೆ ಹೇಳಿದಾಗ ಆಂಟಿಗೆ ನಗು. "ನಮ್ಮೂರಲ್ಲಿ ಹೋಟೆಲ್ ಅಂದ್ರೆ ತಿನ್ನೋಕೆ. ಮಲಗೋಕೆ ಲಾಡ್ಜು. ನೀನು ಇಷ್ಟೆಲ್ಲ ಓದಿ ಲಾಡ್ಜ್ ಎಣಿಸ್ತಿದೀಯಾ ಬೇಟಾ?"

"ಲಾಡ್ಜ್ ಅಂದ್ರೆ ಏನು ಕಮ್ಮಿನಾ?" ಎಂದರು ಅಂಕಲ್. ಅವರ ತಂದೆ ಮೈಸೂರಿನ ಬಸ್ ಸ್ಟ್ಯಾಂಡ್ ಹತ್ತಿರ ಲಾಡ್ಜ್ ನಡೆಸಿದವರು. ದಸರಾ ಬಂತೆಂದರೆ ಬಾಗಿಲಿಗೆ 'ರೂಮು ಖಾಲಿ ಇಲ್ಲ' ಎಂಬ ತಗಡಿನ ಬೋರ್ಡು ತೂಗುಹಾಕುತ್ತಿದ್ದರಂತೆ. ಹುಡುಗನಾಗಿದ್ದಾಗ ಆ ಬೋರ್ಡು ಹಾಕುವ ಕೆಲಸ ಅಂಕಲ್‌ದು. "ಆ ಬೋರ್ಡ್ ಹಾಕಿದ ದಿನ ನಮ್ಮಪ್ಪ ರಾಜ. ಆ ಹತ್ತು ದಿನ ತುಂಬಿದ್ರೆ ಸಾಕು, ವರ್ಷ ಪೂರ್ತಿ ಬೀದಿಯೋರೆಲ್ಲ ಸಲಾಮ್ ಹೊಡೀತಿದ್ರು."

ಅಂಕಲ್ ಮಾತ್ರ ಲಾಡ್ಜ್ ಹಿಡಿದವರಲ್ಲ. ಲಾಂಗ್ ಬೀಚ್ ಬಂದರಿನ ಹತ್ತಿರ ಗೋಡೌನ್ ಇಟ್ಟುಕೊಂಡು ಟೈಲ್ಸ್ ವ್ಯಾಪಾರ ಮಾಡುತ್ತಿದ್ದರು. ಕೋವಿಡ್‌ನಿಂದ ಹಡಗುಗಳು ಬಂದರಿನ ಹೊರಗೇ ಕಾದು ನಿಂತ ಆ ವರ್ಷದಲ್ಲಿ ಅದನ್ನು ಮಾರಿ ಕೈತೊಳೆದುಕೊಂಡು, ಮನೆಯಲ್ಲಿ ಕೂತು ಚಡಪಡಿಸುತ್ತಿದ್ದರು. ನಾನು ಬೆಳಿಗ್ಗೆ ಎದ್ದು ಆ ದೂರದ ಹೋಟೆಲುಗಳಿಗೆ ಒಂದೊಂದಾಗಿ ಫೋನ್ ಮಾಡುವಾಗ, ಕತ್ತರಿಸಿದ ಸೇಬಿನ ತಟ್ಟೆ ಹಿಡಿದು ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಒಂದು ದಿನ ಕೇಳಿದರು: "ಯಾವುದೋ ಅದು ಊರು? ದಿನಾ ಅದರ ಹೆಸರೇ ಹೇಳ್ತಿದೀಯ."

ನಾನು ಹೇಳಿದೆ. ಆ ಊರಿನ ಹೆಸರು ಆ ಮನೆಯೊಳಗೆ ಬಂದದ್ದು ಹಾಗೆ. ಇದು ನನಗೆ ನೆನಪಿದೆ ಎಂದುಕೊಂಡಿದ್ದೇನೆ. ಅಂಕಲ್ ಮಾತ್ರ, ಯಾರೋ ಬ್ರೋಕರ್ ಹೇಳಿದ್ದು ಎನ್ನುತ್ತಾರೆ.

ಇಲ್ಲಿ ನಮ್ಮ ಕಸುಬಿನ ಒಂದು ಪದ್ಧತಿಯನ್ನು ಹೇಳಬೇಕು. ಒಂದು ಊರಿನಲ್ಲಿ ಇರುವ ರೂಮುಗಳಲ್ಲಿ ಎಷ್ಟು ತುಂಬಿವೆ ಎಂದು ಲೆಕ್ಕ ಹಾಕುವಾಗ, ಬಾಗಿಲು ಹಾಕಿಕೊಂಡ ಹೋಟೆಲಿನ ರೂಮುಗಳನ್ನು 'ಇರುವ' ಲೆಕ್ಕದಿಂದಲೇ ತೆಗೆದುಬಿಡುತ್ತೇವೆ. ಅದರಲ್ಲಿ ಮೋಸವೇನಿಲ್ಲ. ಬಾಡಿಗೆಗೆ ಸಿಗದ ರೂಮು ರೂಮಲ್ಲ ಎಂಬ ತರ್ಕ. ಮಾಮೂಲಿ ಕಾಲದಲ್ಲಿ ಎಲ್ಲೋ ಒಂದು ಹೋಟೆಲು ರಿಪೇರಿಗೆ ಮುಚ್ಚಿರುತ್ತದೆ, ಯಾರಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಆದರೆ ಆ ವರ್ಷ ಅರ್ಧ ಡೌನ್‌ಟೌನೇ ಮುಚ್ಚಿತ್ತು. ಹತ್ತು ಅಂಗಡಿಗಳ ಬೀದಿಯಲ್ಲಿ ಆರು ಬಾಗಿಲು ಹಾಕಿದರೆ ಉಳಿದ ನಾಲ್ಕರ ಮುಂದೆ ಸಾಲು ಕಾಣುತ್ತದಲ್ಲ, ಹಾಗೆ. ಗ್ರಾಫಿನಲ್ಲಿ ಗೆರೆ ಮೇಲಕ್ಕೆ ಏರುತ್ತಿತ್ತು. ಸತ್ತವರನ್ನು ಬಿಟ್ಟು ಎಣಿಸಿದರೆ ಊರಿನಲ್ಲಿ ಎಲ್ಲರೂ ಆರೋಗ್ಯವಂತರೇ ಎಂದು ನನ್ನ ಸಹೋದ್ಯೋಗಿಯೊಬ್ಬ ಅನ್ನುತ್ತಿದ್ದ. ಆ ದಿನಗಳಲ್ಲಿ ಅದು ಕೇಳಲು ಹಿತವಾದ ತಮಾಷೆಯಾಗಿರಲಿಲ್ಲ.

ಆ ಊರಿನಲ್ಲಿ ಕನ್ವೆನ್ಷನ್ ಸೆಂಟರಿಗೆ ಅಂಟಿಕೊಂಡೇ ಎಲ್ಲಕ್ಕಿಂತ ದೊಡ್ಡ ಹೋಟೆಲು ಇತ್ತು. ಅದೂ ಮುಚ್ಚಿತ್ತು. ಪ್ರತಿ ಸಲ ಸಮೀಕ್ಷೆ ಬಂದಾಗ ಅದಕ್ಕೂ ಫೋನ್ ಮಾಡುವುದು ನಿಯಮ. ಫೋನು ಹೊಡೆದುಕೊಳ್ಳುತ್ತಿತ್ತು. ಯಾರೂ ಎತ್ತುತ್ತಿರಲಿಲ್ಲ. ಖಾಲಿ ಲಾಬಿಯ ಕಲ್ಲುನೆಲದ ಮೇಲೆ ಆ ಸದ್ದು ಬೀಳುವುದನ್ನು ಕಲ್ಪಿಸಿಕೊಂಡು ನಾನು ಫೋನನ್ನು ಕಿವಿಗೆ ಹಿಡಿದೇ ಕೂತಿರುತ್ತಿದ್ದೆ, ಬೇಗ ಇಡುತ್ತಿರಲಿಲ್ಲ. ಏಕೆಂದು ಗೊತ್ತಿಲ್ಲ. ಆಮೇಲೆ ಮುಂದಿನ ವಸಂತದಲ್ಲಿ, ನಾನು ಆಗಲೇ ವುಡ್‌ಲ್ಯಾಂಡ್ ಹಿಲ್ಸ್‌ನ ಒಂದು ಪುಟ್ಟ ಅಪಾರ್ಟ್‌ಮೆಂಟಿಗೆ ಬಂದಿದ್ದೆ, ಒಂದು ಬೆಳಿಗ್ಗೆ ಫೋನು ಎತ್ತಿದರು.

ಹೆಂಗಸಿನ ಧ್ವನಿ. ಹಿಂದೆ ಎಲ್ಲೋ ಡ್ರಿಲ್ಲಿಂಗ್ ಸದ್ದು. ನಾನು ತಬ್ಬಿಬ್ಬಾಗಿ, ರೂಮು ಸಿಗುತ್ತದೆಯೇ ಎಂದು ಕೇಳಿಬಿಟ್ಟೆ. "ಈಗಲೇ ಇಲ್ಲ ಸರ್," ಎಂದಳು ಆಕೆ, ಬಹಳ ವಿನಯದಿಂದ. "ಆದರೆ ನಾವು ವಾಪಸ್ ಬರ್ತಿದ್ದೇವೆ."

ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಆದರೂ ಫೋನಿಟ್ಟವನೇ ಆ ಊರಿನ ಲೆಕ್ಕವನ್ನು ಮತ್ತೆ ತೆರೆದು ನೋಡಿದೆ. ಆ ಒಂದು ಹೋಟೆಲಿನ ರೂಮುಗಳು ಲೆಕ್ಕಕ್ಕೆ ವಾಪಸಾದರೆ ಊರಿನ ಗ್ರಾಫು ಏನಾಗುತ್ತದೆ ಎಂದು ನನಗೆ ಗೊತ್ತಿತ್ತು.

ಅದೇ ವಸಂತದಲ್ಲಿ ಅಂಕಲ್ ಆ ಊರಿಗೆ ಹೋಗಿಬಂದರು. ಅಲ್ಲಿ ಒಂದು ಸಣ್ಣ ಹೋಟೆಲು ಮಾರಾಟಕ್ಕಿತ್ತು. ಡೌನ್‌ಟೌನಿನ ನಟ್ಟನಡುವೆ, ಬಾರ್ ಇಲ್ಲ, ಬೆಳಗಿನ ತಿಂಡಿ ಮಾತ್ರ. ಬಾರ್ ಇಲ್ಲ ಎಂಬುದೇ ಅಂಕಲ್‌ಗೆ ಹಿಡಿಸಿದ್ದು. ಕುಡಿತದ ದುಡ್ಡು ಮನೆಗೆ ಬರಬಾರದು ಎಂಬುದರಲ್ಲಿ ಅವರು ಕಟ್ಟುನಿಟ್ಟು. ಅಂಥ ಡೌನ್‌ಟೌನ್ ಹೋಟೆಲು ಸಿಗುವುದು ಅಪರೂಪ. ಅವರು ಹೋದದ್ದು ಅಲ್ಲಿನ ಯೂನಿವರ್ಸಿಟಿಯ ಪದವಿ ಪ್ರದಾನದ ವಾರಾಂತ್ಯ. ನೋಡಹೋದ ಹೋಟೆಲೂ ಸೇರಿ ಎಲ್ಲೂ ರೂಮು ಸಿಗಲಿಲ್ಲ. ಬಾಡಿಗೆ ಕಾರಿನ ಹಿಂದಿನ ಸೀಟಿನಲ್ಲಿ ಮುದುರಿಕೊಂಡು ಮಲಗಿ ಬಂದರು. ಬಂದವರ ಮುಖ ನೋಡಬೇಕಿತ್ತು. ಸೊಂಟ ಹಿಡಿದುಕೊಂಡಿತ್ತು, ಆದರೆ ಮದುವೆ ಮನೆಯಿಂದ ಬಂದವರ ಹಾಗೆ ಹೊಳೆಯುತ್ತಿದ್ದರು.

"ಮೂರು ಕಡೆ ಕೇಳ್ದೆ. ಮೂರು ಕಡೇನೂ ರೂಮ್ ಇಲ್ಲ ಅಂದ್ರು," ಎಂದರು ಊಟಕ್ಕೆ ಕೂತಾಗ. ಆ ಭಾನುವಾರ ನನ್ನನ್ನೂ ಕರೆದಿದ್ದರು. "ಕೋವಿಡ್ ಇನ್ನೂ ಪೂರ್ತಿ ಹೋಗಿಲ್ಲ, ಆಗಲೇ ರೂಮಿಲ್ಲ. ನಮ್ಮಪ್ಪ ಇದ್ದಿದ್ರೆ ಬೋರ್ಡ್ ಹಾಕು ಅಂದಿರೋರು."

"ಕಾರಲ್ಲಿ ಮಲಗಿ ಬಂದಿದ್ದಕ್ಕೆ ಇಷ್ಟು ಖುಷಿ ಪಟ್ಟೋರನ್ನ ನಾನು ನೋಡಿಲ್ಲ," ಎಂದರು ಆಂಟಿ. "ಸ್ವಲ್ಪ ಮುಲಾಮ್ ಹಚ್ಕೊಳ್ಳಿ. ವಾಸನೆ ಬಂದ್ರೂ ಪರ್ವಾಗಿಲ್ಲ."

"ಡ್ಯಾಡ್, ದ್ಯಾಟ್ಸ್ ಲೈಕ್ ಒನ್ ವೀಕೆಂಡ್," ಎಂದಳು ಮಗಳು, ಲಾಂಗ್ ಬೀಚ್‌ನಲ್ಲಿ ಓದುತ್ತಿದ್ದವಳು, ತಟ್ಟೆಯಿಂದ ತಲೆ ಎತ್ತದೆ.

"ದಸರಾನೂ ಹತ್ತೇ ದಿನ ಕಣಮ್ಮ."

ಅಂಕಲ್ ಮೂರ್ಖರಲ್ಲ. ಟೈಲ್ಸ್‌ನಲ್ಲಿ ಒಂದು ಬಿರುಕನ್ನು ಬೆರಳ ತುದಿಯಲ್ಲಿ ಕಂಡುಹಿಡಿಯುತ್ತಿದ್ದವರು. ಆದರೆ ಲಾಡ್ಜಿನವರ ಮಗನಿಗೆ 'ರೂಮು ಖಾಲಿ ಇಲ್ಲ' ಎಂಬುದಕ್ಕಿಂತ ದೊಡ್ಡ ಪುರಾವೆ ಇನ್ನೊಂದು ಇರಲಿಲ್ಲ. ದಸರಾದಲ್ಲಿ ತುಂಬುವ ಊರು ಉಳಿದ ಕಾಲದಲ್ಲೂ ಹೇಗೋ ಬದುಕುತ್ತದೆ ಎಂಬುದು ಮೈಸೂರಿನ ಬಸ್ ಸ್ಟ್ಯಾಂಡ್ ಕಲಿಸಿದ ಅರ್ಥಶಾಸ್ತ್ರ. ಅಮೆರಿಕದ ಡೌನ್‌ಟೌನ್ ಹೋಟೆಲಿನ ಹೊಟ್ಟೆ ತುಂಬುವುದು ಹಬ್ಬದಿಂದಲ್ಲ, ಮಂಗಳವಾರ, ಬುಧವಾರಗಳಿಂದ. ಕಂಪನಿ ಕೆಲಸಕ್ಕೆ ಬರುವವರು, ಸಮ್ಮೇಳನಕ್ಕೆ ಬರುವವರು. ಅವರು ಆ ವರ್ಷ ಮನೆಯಲ್ಲೇ ಕೂತು ಲ್ಯಾಪ್‌ಟಾಪ್ ತೆರೆದಿದ್ದರು. ಇದನ್ನು ಆ ಊಟದ ಹೊತ್ತಿನಲ್ಲೇ ನಾನು ಹೇಳಿದೆ. ಹೇಳಿದ್ದು ಖಂಡಿತ, ಏಕೆಂದರೆ ಅಂಕಲ್ ಕೊಟ್ಟ ಉತ್ತರ ಕಿವಿಯಲ್ಲಿದೆ: "ಮಂಗಳವಾರ ಹೋಗಿ ನೋಡ್ತೀನಿ ಬಿಡು." ಅವರು ಮಂಗಳವಾರ ಹೋಗಲಿಲ್ಲ.

ಬದಲಿಗೆ ಇಸ್ತಿಖಾರಾ ನಮಾಜ್ ಮಾಡಿದರು. ದೊಡ್ಡ ನಿರ್ಧಾರಕ್ಕೆ ಮುನ್ನ, ಒಳ್ಳೆಯದಾದರೆ ದಾರಿ ಸುಲಭ ಮಾಡು, ಕೆಟ್ಟದಾದರೆ ದೂರ ಮಾಡು ಎಂದು ಕೇಳಿಕೊಳ್ಳುವ ಪ್ರಾರ್ಥನೆ ಅದು. ಆಮೇಲೆ ಮನಸ್ಸು ಎತ್ತ ಹಗುರಾಗುತ್ತದೋ ಅತ್ತ ಹೋಗಬೇಕು. ನನಗೆ ಯಾವ ದೇವರಲ್ಲೂ ಅಷ್ಟು ನಂಬಿಕೆಯಿಲ್ಲ. ಆದರೂ ಆ ಪ್ರಾರ್ಥನೆಯ ಮಾತು ಎಷ್ಟು ನ್ಯಾಯವಾಗಿದೆ ಅನ್ನಿಸಿತ್ತು. ಅಂಕಲ್ ಹೇಳಿದರು: "ಹಗುರಾಗಿದೆ ಮನಸ್ಸು. ಎಲ್ಲ ಬಾಗಿಲೂ ತಾವಾಗೇ ತೆಕ್ಕೊಳ್ತಿವೆ."

ಬ್ಯಾಂಕು ಮಾತ್ರ ಒಂದು ಷರತ್ತು ಹಾಕಿತ್ತು. ಡೈಮಂಡ್ ಬಾರ್ ಮನೆಯನ್ನು ಭದ್ರತೆಗೆ ಕೊಡಬೇಕು. ಹೋಟೆಲು ನಡೆಯದಿದ್ದರೆ ಮನೆ ಹೋಗುತ್ತದೆ. ಕೊನೆಯ ಸಹಿ ಜೂನ್ ತಿಂಗಳ ಒಂದು ಸೋಮವಾರ ಎಂದು ನನಗೆ ಹೇಳಿದ್ದರು. ಅದರ ಹಿಂದಿನ ದಿನ, ಭಾನುವಾರ, ಬ್ರೋಕರನ್ನು ಕಂಡುಬರಲು ಸ್ಯಾನ್ ಡಿಯೇಗೊಗೆ ಹೊರಡುವುದಿತ್ತು. "ನೀನೂ ಬಾ, ಡ್ರೈವ್ ಮಾಡು. ನಿನ್ನ ಎದುರು ಅವನು ಸುಳ್ಳು ಹೇಳೋಕಾಗಲ್ಲ," ಎಂದರು ಅಂಕಲ್.

ಶನಿವಾರ ಆಂಟಿ ಫೋನ್ ಮಾಡಿದರು. ಟಿವಿಯ ಸದ್ದು ಜೋರು ಮಾಡಿ, ಅದರ ಮರೆಯಲ್ಲಿ ಮಾತಾಡುತ್ತಿದ್ದರು.

"ಬೇಟಾ, ನಾಳೆ ನೀನೊಂದು ಮಾತು ಹೇಳು ಅವರಿಗೆ. ನಾನು ಹೇಳಿದ್ರೆ ಹೆಂಗಸಿನ ಹೆದರಿಕೆ ಅಂತಾರೆ. ನೀನು ಓದಿರೋನು. ನಿನ್ನ ಮಾತು ಕೇಳ್ತಾರೆ."

"ಏನು ಹೇಳ್ಲಿ ಆಂಟಿ?"

"ನಿಂಗೇನು ಗೊತ್ತೋ ಅದು ಹೇಳು. ನಂಗೆ ಆ ಊರು ಎಲ್ಲಿದೆ ಅಂತಾನೂ ಗೊತ್ತಿಲ್ಲ. ನನ್ನ ಮನೆ ಎಲ್ಲಿದೆ ಅಂತ ಗೊತ್ತು." ಮತ್ತೆ ಕೇಳಿದರು: "ಹೇಳ್ತೀಯಲ್ಲ?"

ಹೇಳುತ್ತೇನೆ ಎಂದೆ.

ಭಾನುವಾರ ಬೆಳಿಗ್ಗೆ ಸಮುದ್ರದ ಮೋಡ ಒಳನಾಡಿನವರೆಗೂ ಹಬ್ಬಿತ್ತು. ಜೂನ್‌ನಲ್ಲಿ ಇಲ್ಲಿ ಹಾಗೆಯೇ, ಮಧ್ಯಾಹ್ನದವರೆಗೆ ಸೂರ್ಯ ಕಾಣುವುದಿಲ್ಲ. ದಾರಿಯುದ್ದಕ್ಕೂ ಎಡಕ್ಕೆ ಒಣ ಗುಡ್ಡ, ಬಲಕ್ಕೆ ಸಮುದ್ರವಿರಬೇಕಾದ ಜಾಗದಲ್ಲಿ ಬರೀ ಬೂದು ಬಣ್ಣ. ಅಂಕಲ್ ಮುಂದೆ ಕೂತು ಹಳೆಯ ಕಥೆ ಹೇಳುತ್ತಿದ್ದರು. ಆಂಟಿ ಹಿಂದೆ ಕೂತು ತಸ್ಬೀಹ್ ಜಪಮಾಲೆಯ ಮಣಿ ಎಣಿಸುತ್ತಿದ್ದರು. ಕನ್ನಡಿಯಲ್ಲಿ ಒಂದೆರಡು ಸಲ ನಮ್ಮ ಕಣ್ಣು ಕೂಡಿದವು.

ಬ್ರೋಕರ್ ಡೌನ್‌ಟೌನಿನ ಒಂದು ಎತ್ತರದ ಹೋಟೆಲಿನ ಲಾಬಿಗೆ ಬರಹೇಳಿದ್ದ. ಸಾವಿರ ಜನ ಓಡಾಡಲೆಂದು ಕಟ್ಟಿದ ಲಾಬಿ. ನಾವು ಹೋದಾಗ ರಿಸೆಪ್ಷನ್ ಡೆಸ್ಕಿನಲ್ಲಿ ಒಬ್ಬಳೇ ಇದ್ದಳು. ಅರ್ಧ ಕುರ್ಚಿಗಳಿಗೆ ಹಳದಿ ಟೇಪು ಸುತ್ತಿದ್ದರು. ಎಸ್ಕಲೇಟರು ಯಾರನ್ನೂ ಹೊರದೆ ಮೇಲಕ್ಕೆ ಹೋಗುತ್ತಲೇ ಇತ್ತು. ಆಂಟಿ ಅದನ್ನು ನೋಡಿ, "ಇದನ್ನ ಆಫ್ ಮಾಡಬಾರ್ದಾ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

ಬ್ರೋಕರ್ ಹಸನ್ಮುಖಿ. ಐಪ್ಯಾಡಿನಲ್ಲಿ ಗ್ರಾಫ್ ತೋರಿಸಿದ. ಮೇಲಕ್ಕೆ ಏರುವ ಅದೇ ಗೆರೆ. ಸುಳ್ಳು ಒಂದೂ ಇರಲಿಲ್ಲ, ನಮ್ಮ ಕಸುಬಿನ ಪದ್ಧತಿಯಂತೆಯೇ ಮಾಡಿದ ಲೆಕ್ಕ. ಮುಚ್ಚಿದ ಹೋಟೆಲುಗಳ ಕಥೆ ಏನು ಎಂದು ನಾನು ಕೇಳಿದೆ. "ಒಳ್ಳೆಯ ಪ್ರಶ್ನೆ," ಎಂದು ನನ್ನ ಕಡೆ ನೋಡದೆ ಅಂಕಲ್ ಕಡೆ ನೋಡಿ ನಕ್ಕ. "ಅವು ಹೋಟೆಲಾಗಿ ವಾಪಸ್ ಬರಲ್ಲ. ಅಪಾರ್ಟ್‌ಮೆಂಟ್ ಮಾಡ್ತಾರಂತೆ. ಎಲ್ಲ ಕಡೆ ಈಗ ಅದೇ." ನಿಜಕ್ಕೂ ಎಷ್ಟೋ ಊರುಗಳಲ್ಲಿ ಆಗ ಅಂಥ ಮಾತು ನಡೆದಿತ್ತು. ಅವನಿಗೆ ಹಾಗೆಯೇ ಗೊತ್ತಿದ್ದಿರಬಹುದು.

ಅಂಕಲ್ ನನ್ನ ತೊಡೆ ತಟ್ಟಿದರು. "ಕೇಳಿದ್ಯಲ್ಲ?"

ನನಗೆ ಫೋನು ಎತ್ತಿದ ಆ ಹೆಂಗಸಿನ ಧ್ವನಿ ಕೇಳಿಸುತ್ತಿತ್ತು. ಡ್ರಿಲ್ಲಿಂಗ್ ಸದ್ದು ಕೂಡ. ಆದರೆ ಸಮೀಕ್ಷೆಯಲ್ಲಿ ಕೇಳಿದ್ದನ್ನು ಹೊರಗಿನವರ ಎದುರು ಆಡಬಾರದು ಎಂದು ಕಂಪನಿಯಲ್ಲಿ ನಿಯಮವಿತ್ತು, ಎದುರಿಗೆ ಬ್ರೋಕರ್ ಇದ್ದ. ಅಲ್ಲಿ ಹೇಳಲಿಲ್ಲ. ಇಷ್ಟು ಖಚಿತ.

ಇಲ್ಲಿಂದ ಮುಂದೆ ಬೆಂಚು. ನನ್ನ ನೆನಪು ಹೀಗೆ: ಮೋಡ ಇನ್ನೂ ಕರಗಿರಲಿಲ್ಲ. ನೀರು ಸೀಸದ ಹಾಗೆ ಅಲುಗಾಡದೆ ನಿಂತಿತ್ತು. ಬೆನ್ನ ಹಿಂದೆ ಹೋಟೆಲುಗಳ ಗೋಪುರಗಳು, ಹಗಲಲ್ಲೇ ದೀಪ ಹಾಕಬೇಕಾದಷ್ಟು ಮಬ್ಬು, ಆದರೂ ಕಿಟಕಿಗಳಲ್ಲಿ ದೀಪವಿಲ್ಲ. ಆಂಟಿ ಚಹಾ ಕೊಟ್ಟರು. ನಾನು ಕಪ್ಪು ಹಿಡಿದುಕೊಂಡು ಹೇಳಿದೆ: "ಅಂಕಲ್, ಆ ದೊಡ್ಡ ಹೋಟೆಲ್‌ದಾಗ ಫೋನ್ ಎತ್ತ್ಯಾರ್ರಿ. ರಿಪೇರಿ ನಡದದ. ಅವ್ರು ತೆಗೀತಾರ್ರಿ. ತೆಗದ್ರ ನಿಮ್ಮ ರೂಮು ಖಾಲಿ ಉಳೀತಾವ."

ಲಾಸ್ ಏಂಜಲೀಸ್‌ಗೆ ಬಂದ ಮೇಲೆ ನನ್ನ ಕನ್ನಡ ಬೆಂಗಳೂರಿನವರ ಕನ್ನಡವಾಗಿಬಿಟ್ಟಿದೆ. ಅಂಕಲ್ ಚುಡಾಯಿಸುತ್ತಿದ್ದರು, "ನಿಂಗೆ ಹೆದರಿಕೆಯಾದಾಗ ಮಾತ್ರ ಹುಬ್ಬಳ್ಳಿ ಬರುತ್ತೆ." ಆ ವಾಕ್ಯ ನನಗೆ ಹುಬ್ಬಳ್ಳಿಯ ಮಾತಿನಲ್ಲೇ ನೆನಪಿರುವುದರಿಂದ ಅದನ್ನು ನಿಜವಾಗಿ ಆಡಿದ್ದೇನೆ ಎಂದು ಒಮ್ಮೊಮ್ಮೆ ಧೈರ್ಯ ತಂದುಕೊಳ್ಳುತ್ತೇನೆ. ಮರುಗಳಿಗೆಯೇ ಅನ್ನಿಸುತ್ತದೆ, ನನ್ನ ಕನಸುಗಳೂ ಹುಬ್ಬಳ್ಳಿಯ ಮಾತಿನಲ್ಲೇ ಬೀಳುತ್ತವೆ.

ಅಂಕಲ್ ಏನು ಉತ್ತರಿಸಿದರು ಎಂಬುದು ನೆನಪಿಲ್ಲ. ಅದೇ ನನ್ನನ್ನು ಕಾಡುವುದು. ಅಷ್ಟು ದೊಡ್ಡ ಮಾತಿಗೆ ಏನೋ ಒಂದು ಉತ್ತರ ಬಂದಿರಬೇಕಲ್ಲ. ಅವರು ಎದ್ದು ಪ್ಯಾಂಟು ಕೊಡವಿಕೊಂಡು, "ಟ್ರಾಫಿಕ್ ಆಗುತ್ತೆ, ನಡಿ," ಎಂದದ್ದಷ್ಟೇ ಉಳಿದಿದೆ. ವಾಪಸ್ ಬರುವಾಗ ಕಾರಿನಲ್ಲಿ ಯಾರೂ ಹೋಟೆಲಿನ ಸುದ್ದಿ ಎತ್ತಲಿಲ್ಲ. ಆಂಟಿ ನಿದ್ದೆ ಮಾಡುವವರಂತೆ ಕಣ್ಣು ಮುಚ್ಚಿಕೊಂಡಿದ್ದರು. ಮಣಿಗಳು ಮಾತ್ರ ಬೆರಳಲ್ಲಿ ಸರಿಯುತ್ತಿದ್ದವು.

ಸೋಮವಾರ ಸಂಜೆ ಅಂಕಲ್ ಮೈಸೂರು ಪಾಕಿನ ಫೋಟೋ ಕಳಿಸಿದರು. ಎಲ್ಲ ಮುಗಿಯಿತು, ಇನ್ಶಾಲ್ಲಾ ಒಳ್ಳೆಯದಾಗುತ್ತದೆ ಎಂದು ಕೆಳಗೆ ಬರೆದಿದ್ದರು.

ಆಮೇಲೆ ಆದದ್ದನ್ನು ನಾನು ಎರಡು ಕಡೆಯಿಂದ ನೋಡಿದೆ. ಕಚೇರಿಯಲ್ಲಿ ಅದೊಂದು ಗೆರೆ. ದೊಡ್ಡ ಹೋಟೆಲು ತೆರೆದ ಕೂಡಲೇ ಕೆಳಕ್ಕೆ ಬಾಗಿತು. ಅದರ ಬೆನ್ನಿಗೆ ಮುಚ್ಚಿದ್ದ ಉಳಿದ ಹೋಟೆಲುಗಳೂ ತೆರೆದವು. ಒಂದೂ ಅಪಾರ್ಟ್‌ಮೆಂಟ್ ಆಗಲಿಲ್ಲ. ಕೋವಿಡ್‌ಗೆ ಮೊದಲೇ ಅನುಮತಿ ಸಿಕ್ಕು ಅರ್ಧಕ್ಕೆ ನಿಂತಿದ್ದ ಹೊಸ ಕಟ್ಟಡಗಳೂ ಕ್ರೇನ್ ಎತ್ತಿದವು. ಕನ್ವೆನ್ಷನ್‌ಗಳು ಮರಳಿದವು, ಆದರೆ ದೊಡ್ಡ ಹೋಟೆಲಿಗೆ ಮರಳಿದವು. ಅಲ್ಲಿ ಬಾರ್ ಇತ್ತು. ಇರುವ ರೂಮುಗಳ ಲೆಕ್ಕವನ್ನು ನಾವು ಸಪ್ಲೈ ಎನ್ನುತ್ತೇವೆ; ಗ್ರಾಫಿಗೆ ನಾನು 'ಸಪ್ಲೈ ಮರಳಿಕೆ' ಎಂದು ಹೆಸರು ಕೊಟ್ಟೆ. ಕಂಪನಿಯಲ್ಲಿ ಮೆಚ್ಚಿದರು.

ಇನ್ನೊಂದು ಕಡೆ ಡೈಮಂಡ್ ಬಾರ್‌ನ ಮನೆ. ಹೋದಾಗಲೆಲ್ಲ ಅಂಕಲ್ ಆ ಊರಿಗೆ ಹೋಗಿರುತ್ತಿದ್ದರು ಅಥವಾ ಅಲ್ಲಿಂದ ಆಗತಾನೆ ಬಂದಿರುತ್ತಿದ್ದರು. ತಮ್ಮದೇ ಹೋಟೆಲಿನಲ್ಲಿ ರೂಮು ಹಿಡಿದು ಮಲಗುತ್ತಿದ್ದರು. "ಒಂದು ರೂಮಾದ್ರೂ ತುಂಬಲಿ ಅಂತ," ಎಂದು ಅವರೇ ತಮಾಷೆ ಮಾಡಿದರು. ಒಂದು ಸಲ ಅಲ್ಲಿಂದಲೇ ವಿಡಿಯೋ ಕಾಲ್ ಮಾಡಿ ಕಾರಿಡಾರ್ ತೋರಿಸಿದರು. ಮಂಗಳವಾರದ ಮಧ್ಯಾಹ್ನ. ಕಾರ್ಪೆಟ್ಟಿನ ಮೇಲೆ ಅವರ ಚಪ್ಪಲಿಯ ಸದ್ದೂ ಇಲ್ಲ. ಎರಡೂ ಬದಿಗೆ ಮುಚ್ಚಿದ ಬಾಗಿಲುಗಳು, ಒಂದೇ ಬಣ್ಣ, ಕೊನೆ ಕಾಣದ ಹಾಗೆ. ಫೋನು ಹಿಡಿದು ಅವರು ನಡೆಯುತ್ತಲೇ ಹೋದರು. ನಾನೇ, "ಅಂಕಲ್, ನೆಟ್‌ವರ್ಕ್ ಹೋಗ್ತಿದೆ," ಎಂದು ಸುಳ್ಳು ಹೇಳಿ ಕಾಲ್ ಕಟ್ ಮಾಡಿದೆ.

ಕಳೆದ ವರ್ಷ ಹೋಟೆಲು ಬ್ಯಾಂಕಿನ ಪಾಲಾಯಿತು. ಮನೆಯೂ ಹೋಯಿತು. ಖಾಲಿ ಮಾಡುವ ವಾರ ಆಂಟಿ ಕರಿಬೇವಿನ ಗಿಡವನ್ನು ಬುಡಸಮೇತ ಕೀಳಿಸಲು ನೋಡಿದರು, ಬೇರು ಬಹಳ ಇಳಿದಿತ್ತು, ಬರಲಿಲ್ಲ. ಈಗ ಲಾಂಗ್ ಬೀಚ್‌ನಲ್ಲಿ ಮಗಳ ಅಪಾರ್ಟ್‌ಮೆಂಟಿಗೆ ಹತ್ತಿರದಲ್ಲಿ ಬಾಡಿಗೆಗಿದ್ದಾರೆ. ಎರಡನೇ ಮಹಡಿ. ಕಿಟಕಿ ತೆರೆದರೆ ಬಂದರಿನ ಕ್ರೇನುಗಳು.

ಅಲ್ಲಿಗೆ ಮೊದಲ ಸಲ ಹೋದಾಗ ನಾನೇ ಆ ಮಾತು ತೆಗೆದೆ. ತೆಗೆಯಬಾರದಿತ್ತೇನೋ. ಅವತ್ತು ಸ್ಯಾನ್ ಡಿಯೇಗೊದಲ್ಲಿ ನಾನು ಫೋನಿನ ವಿಷಯ ಹೇಳಿದ್ದು ನಿಮಗೆ ನೆನಪಿದೆಯೇ ಎಂದು ಕೇಳಿದೆ.

"ಹೇಳಿದ್ಯಲ್ಲ," ಎಂದರು ಅಂಕಲ್ ತಕ್ಷಣ. "ನಡೀತಾ ನಡೀತಾ ಹೇಳ್ದೆ. ನಾನೇ ಕಿವಿಗೆ ಹಾಕ್ಕೊಳ್ಳಲಿಲ್ಲ. ಅದು ನನ್ನ ತಪ್ಪು, ನಿಂದಲ್ಲ."

"ಏನೂ ಹೇಳಲಿಲ್ಲ ಅವನು," ಎಂದರು ಆಂಟಿ ಅಡುಗೆಮನೆಯಿಂದ. "ಹೇಳಿದ್ದಿದ್ರೆ ನೀವು ಕಾರಿಗೆ ಬಂದಾಗ ಮುಖ ಹಂಗಿರ್ತಿರಲಿಲ್ಲ. ಇಬ್ಬರೂ ಸಿನಿಮಾ ನೋಡ್ಕೊಂಡು ಬಂದೋರ ಹಾಗೆ ಬಂದ್ರಿ."

"ನೀನು ಕಾರಲ್ಲಿ ಎಲ್ಲಿದ್ದೆ? ನಮ್ ಜೊತೇಲೇ ಇದ್ಯಲ್ಲ."

"ನೋಡಿದ್ಯಾ ಬೇಟಾ? ಹೆಂಡ್ತಿ ಎಲ್ಲಿದ್ಲು ಅಂತಾನೂ ಗೊತ್ತಿಲ್ಲ ಇವರಿಗೆ."

ಅಂಕಲ್ ನಕ್ಕರು. ನಾನೂ ನಕ್ಕೆ. ಅಂಕಲ್ ನನ್ನನ್ನು ಉಳಿಸಲೆಂದು 'ಹೇಳಿದೆ' ಎನ್ನುತ್ತಿದ್ದಾರೆ ಎಂಬ ಗುಮಾನಿ ನನಗೆ ಆಗಲೇ ಬಂದಿತ್ತು. ಆಂಟಿ ಯಾರನ್ನು ಉಳಿಸಲೆಂದು 'ಹೇಳಲಿಲ್ಲ' ಎನ್ನುತ್ತಿದ್ದಾರೆ ಎಂಬುದು ಗೊತ್ತಾಗಲಿಲ್ಲ. ಚಹಾ ತಂದು ಇಡುತ್ತಾ ಅವರು ಅಂದರು: "ನನ್ನನ್ನ ಯಾರು ಕೇಳಿದ್ರು ಬಿಡು. ಸೋಮವಾರ ಒಬ್ಬರೇ ಹೋಗಿ ಸೈನ್ ಹಾಕಿ ಬಂದ್ರು. ನನ್ನ ಮನೆ, ನಂಗೇ ಆಮೇಲೆ ಗೊತ್ತಾಯ್ತು." ಅಂಕಲ್ ಆಗ ಏನೂ ಅನ್ನಲಿಲ್ಲ. ಕಪ್ಪಿನೊಳಗೆ ನೋಡುತ್ತಾ ಕೂತರು. ಅಷ್ಟು ಹೊತ್ತು ಪ್ರತಿ ಮಾತಿಗೂ ಎದುರಾಡಿದ್ದವರು.

ಆ ಮೌನ ಮನೆಗೆ ಬಂದ ಮೇಲೂ ಬಿಡಲಿಲ್ಲ. ಕಚೇರಿಯಲ್ಲಿ ಸಾಲದ ಕಾಗದಗಳನ್ನು ನೋಡಿಕೊಳ್ಳುವ ಒಬ್ಬಾಕೆಯನ್ನು, ಯಾರ ವಿಷಯ ಎಂದು ಹೇಳದೆ ಕೇಳಿದೆ. ಗಂಡ ಹೆಂಡತಿ ಸೇರಿ ಕೊಂಡ ಮನೆಯನ್ನು ಕ್ಯಾಲಿಫೋರ್ನಿಯಾದಲ್ಲಿ ಒಬ್ಬರೇ ಭದ್ರತೆಗೆ ಕೊಡಲು ಬರುವುದಿಲ್ಲ, ಇಬ್ಬರ ಸಹಿಯೂ ಬೇಕು, ಅಂಥ ಪತ್ರಗಳನ್ನು ಕೌಂಟಿಯ, ಅಂದರೆ ಜಿಲ್ಲೆಯ, ನೋಂದಣಿ ಕಚೇರಿಯಲ್ಲಿ ಯಾರು ಬೇಕಾದರೂ ನೋಡಬಹುದು ಎಂದಳು. ನಾನು ಹಲವು ವಾರ ಹೋಗಲಿಲ್ಲ. ನೋಡಿ ಮಾಡುವುದೇನು ಎಂದು ನನಗೆ ನಾನೇ ವಾದಿಸಿದೆ. ಆಂಟಿ ಶನಿವಾರ ಟಿವಿಯ ಸದ್ದಿನ ಮರೆಯಲ್ಲಿ ಮಾಡಿದ ಆ ಫೋನ್ ಕಾಲನ್ನೂ ನಾನೇ ಕಟ್ಟಿಕೊಂಡಿರಬಹುದೇ ಎಂದು ಅನುಮಾನ ಶುರುವಾದ ದಿನ, ರಜೆ ಹಾಕಿ ಆ ಕಚೇರಿಗೆ ಹೋದೆ.

ಬೆಂಚಿನ ಬಗ್ಗೆ ನನಗೆ ಈಗಲೂ ಏನೂ ಗೊತ್ತಿಲ್ಲ. ಇದೊಂದು ಗೊತ್ತು, ಕಣ್ಣಾರೆ ನೋಡಿದ್ದೇನೆ, ಕೌಂಟರಿನವರನ್ನು ಮತ್ತೆ ಕೇಳಿ ಖಚಿತಪಡಿಸಿಕೊಂಡಿದ್ದೇನೆ: ಡೈಮಂಡ್ ಬಾರ್‌ನ ಮನೆಯನ್ನು ಬ್ಯಾಂಕಿಗೆ ಭದ್ರತೆಯಾಗಿ ಬರೆದುಕೊಟ್ಟ ಪತ್ರಕ್ಕೆ ನೋಟರಿಯ ಎದುರು ಅಂಕಲ್, ಆಂಟಿ ಇಬ್ಬರೂ ಸಹಿ ಹಾಕಿದ್ದರು, ನಾವು ಸ್ಯಾನ್ ಡಿಯೇಗೊಗೆ ಹೋದ ಭಾನುವಾರಕ್ಕೆ ಮುಂಚಿನ ಗುರುವಾರ.